ಪದೇ ಪದೇ ಕಾಣಿಸುವ ದೋಷ

ಒಬ್ಬಂಟಿಯಾಗಿ ಕೆಲಸ ಮಾಡುವವರ ಬದುಕಿನಲ್ಲಿ ತಮಾಷೆ ಇರುವುದಿಲ್ಲ ಎಂದು ಜನ ತಿಳಿದಿದ್ದಾರೆ. ಶುದ್ಧ ಸುಳ್ಳು. ತಮಾಷೆ ದಿನಕ್ಕೊಂದು ನಡೆಯುತ್ತದೆ. ಜೊತೆಗೆ ನಗಲು ಪಕ್ಕದಲ್ಲಿ ಇನ್ನೊಬ್ಬರು ಇರುವುದಿಲ್ಲ, ಅಷ್ಟೇ. ಒಬ್ಬಳೇ ಗಟ್ಟಿಯಾಗಿ ನಕ್ಕರೆ ಕೆಳಗಿನ ಮನೆಯವರು "ಏನಾಯ್ತವ್ವಾ?" ಎಂದು ಗಾಬರಿಯಿಂದ ಮೆಟ್ಟಿಲು ಹತ್ತಿ ಬರುತ್ತಾರೆ. ಹಾಗಾಗಿ ನಗುವನ್ನು ಕೂಡಿಟ್ಟುಕೊಳ್ಳುವುದು ನನಗೆ ರೂಢಿಯಾಗಿದೆ.

ನಾನಿರುವುದು ರಾಮನಗರದಲ್ಲಿ, ಸ್ಟೇಷನ್ನಿಗೆ ಹತ್ತಿರದ ಒಂದು ಬಾಡಿಗೆ ಮನೆಯ ಮಹಡಿಯಲ್ಲಿ. ಹುಟ್ಟಿದ್ದು ಉಯ್ಯಂಬಳ್ಳಿ ಕಡೆ. ಮದುವೆ ಆಗಲಿಲ್ಲ, ಯಾಕೆ ಎಂದು ಕೇಳುತ್ತಿದ್ದವರಿಗೂ ಬೇಸರ ಬಂದು ಈಗ ಕೇಳುವುದನ್ನು ಬಿಟ್ಟಿದ್ದಾರೆ. ಕೆಲಸ ಚಿಪ್ ಪರೀಕ್ಷೆ. ನೀರೆತ್ತುವ ಮೋಟಾರಿನೊಳಗೆ ಕೂತು, 'ಟ್ಯಾಂಕ್ ತುಂಬಿತು, ಇನ್ನು ನಿಲ್ಲು' ಎನ್ನಬೇಕಾದ ಒಂದು ಪುಟ್ಟ ಚಿಪ್. ಅದಿನ್ನೂ ತಯಾರಾಗಿಲ್ಲ. ತಯಾರಿಸುವ ಮೊದಲು ಅದರ ವಿನ್ಯಾಸವನ್ನು ಕಂಪ್ಯೂಟರಿನೊಳಗೇ ಓಡಿಸಿ ನೋಡಬೇಕು. ಅದಕ್ಕೆ ಸಿಮ್ಯುಲೇಷನ್ ಎನ್ನುತ್ತಾರೆ. ಮೊದಲು ಬೆಂಗಳೂರಿನ ಒಂದು ಸಣ್ಣ ಆಫೀಸಿಗೆ ದಿನಾ ಟ್ರೈನಿನಲ್ಲಿ ಹೋಗಿಬರುತ್ತಿದ್ದೆ. ಕೊರೊನಾ ಬಂತು, ಎಲ್ಲರೂ ಮನೆಯಿಂದಲೇ ಮಾಡಿ ಎಂದರು. ಕೊರೊನಾ ಹೋಯಿತು, ಜೊತೆಗೆ ಆಫೀಸೂ ಹೋಯಿತು. ಜೊತೆಯವರು ಒಬ್ಬೊಬ್ಬರಾಗಿ ಬೇರೆ ಕಡೆ ಸೇರಿಕೊಂಡರು. ಈ ಚಿಪ್‌ನ ಪರೀಕ್ಷೆಗೆ ಉಳಿದವಳು ನಾನೊಬ್ಬಳೇ.

ನಮ್ಮ ಕೆಲಸದಲ್ಲಿ ಒಂದು ಪದ್ಧತಿ ಇದೆ. ಯಾವ ಫೈಲಿನಲ್ಲಿ ಒಂದಕ್ಷರ ಬದಲಿಸಿದರೂ ಅದನ್ನು ವರ್ಷನ್ ಕಂಟ್ರೋಲ್ ಎಂಬ ವ್ಯವಸ್ಥೆಯೊಳಗೆ ಸೇರಿಸಬೇಕು. ಯಾರು ಬದಲಿಸಿದರು, ಯಾವಾಗ ಬದಲಿಸಿದರು ಎಂಬುದನ್ನು ಅದು ತಾನೇ ನೆನಪಿಟ್ಟುಕೊಳ್ಳುತ್ತದೆ. ಯಾಕೆ ಬದಲಿಸಿದಿರಿ ಎಂಬುದನ್ನು ಮಾತ್ರ ನಾವು ಟಿಪ್ಪಣಿ ಬರೆದು ಹೇಳಬೇಕು. ಹೇಳದಿದ್ದರೆ ಒಳಗೆ ಬಿಡುವುದಿಲ್ಲ. ಯೋಚಿಸಿ ನೋಡಿ, ಇಡೀ ದಿನದಲ್ಲಿ ನನ್ನನ್ನು "ಯಾಕೆ?" ಎಂದು ಕೇಳುತ್ತಿದ್ದದ್ದು ಅದೊಂದೇ. ಕೇಳಿದವರಿಗೆ ಹೇಳದೆ ಇರುವುದು ಹೇಗೆ? ಮೊದಲ ಸಾಲಿನಲ್ಲಿ ಇಂಗ್ಲಿಷಿನಲ್ಲಿ ಕೆಲಸದ ವಿಷಯ ಬರೆದು, ಅದರ ಕೆಳಗೆ ಕನ್ನಡದಲ್ಲಿ ಮನೆಯ ಮಾತನ್ನೂ ಒಂದೆರಡು ಸಾಲು ಸೇರಿಸತೊಡಗಿದೆ. ನಮ್ಮ ಮ್ಯಾನೇಜರಿಗೆ ಕನ್ನಡ ಬಾರದು, ಮೊದಲ ಸಾಲಿನಿಂದ ಕೆಳಗೆ ಯಾರೂ ಓದುವುದೂ ಇಲ್ಲ ಎಂಬ ಧೈರ್ಯ. ಧೈರ್ಯ ಎಂದೆನಲ್ಲ, ನನ್ನ ಕೊರಗೂ ಅದೇ ಆಗಿತ್ತು. ಯಾರಾದರೂ ಒಬ್ಬರು ಕೆಳಗಿನ ಸಾಲನ್ನೂ ಓದಲಿ ಎಂದು ಒಳಗೊಳಗೇ ಆಸೆಪಡುತ್ತಿದ್ದೆ.

೧. ಕುಲಾವಿ

ಕೆಳಗಿನ ಮನೆಯಲ್ಲಿರುವ ಓನರಮ್ಮನಿಗೆ ನನ್ನ ಕೆಲಸ ಏನೆಂದು ತಿಳಿದುಕೊಳ್ಳುವ ಹಟ. ನಾನು ಮನೆಯಿಂದಲೇ ಕೆಲಸ ಮಾಡತೊಡಗಿದ ಹೊಸದರಲ್ಲಿ ಒಂದು ದಿನ ನನ್ನ ಮೇಜಿನ ಪಕ್ಕ ಬಂದು ನಿಂತರು.

"ಅದೇನವ್ವಾ ಬೆಳಗ್ಗಿಂದ ಅದ್ನೇ ನೋಡ್ತಾ ಕುಂತಿದ್ದೀಯ?"

"ಚಿಪ್ ಪರೀಕ್ಷೆ ಮಾಡ್ತಿದ್ದೀನಿ ಕಣಮ್ಮ. ಮೋಟ್ರಿಗೆ ಹಾಕೋದು."

"ಎಲ್ಲೈತೆ, ಒಸಿ ತೋರ್ಸು."

"ಇನ್ನೂ ಮಾಡಿಲ್ಲ."

"ಮಾಡ್ದೆ ಇರೋದ್ನ ಎಂಗವ್ವಾ ಪರೀಕ್ಸೆ ಮಾಡ್ತೀಯ?"

ನಾನು ಉತ್ಸಾಹದಿಂದ ವಿವರಿಸಿದೆ. ಮಾತಾಡಲು ಜನ ಸಿಕ್ಕರೆ ನನ್ನ ಉತ್ಸಾಹ ಹಿಡಿಯುವವರಿಲ್ಲ. "ಇದೆ ಅಂತ ಅಂದ್ಕೊಳ್ತೀವಿ. ಇಲ್ಲದಿರೋ ಕರೆಂಟ್ ಕೊಡ್ತೀವಿ, ಇಲ್ಲದಿರೋ ಮೋಟ್ರು ತಿರುಗ್ತದೆ, ಇಲ್ಲದಿರೋ ನೀರು ಬಂದು ಇಲ್ಲದಿರೋ ಟ್ಯಾಂಕ್ ತುಂಬ್ತದೆ. ಆಗ ಚಿಪ್ ಮೋಟ್ರನ್ನ ನಿಲ್ಲಿಸ್ತದಾ ಅಂತ ನೋಡ್ತೀವಿ."

"ಕೂಸು ಹುಟ್ಟೋಕ್ ಮುಂಚೆ ಕುಲಾವಿ ಹೊಲ್ದಂಗಾಯ್ತು."

"ಹೊಲಿಯೋದು ಬೇರೆಯವರು. ಆ ಕುಲಾವಿನ ಹುಟ್ಟದಿರೋ ಕೂಸಿಗೆ ಹಾಕಿ, ಬಿಗಿ ಆಯ್ತಾ ಸಡಿಲ ಆಯ್ತಾ ಅಂತ ನೋಡೋದು ನನ್ನ ಕೆಲಸ."

ಓನರಮ್ಮ ಬಹಳ ಹೊತ್ತು ನನ್ನ ಮುಖ ನೋಡಿದರು. ಆಮೇಲೆ ಮೆಟ್ಟಿಲಿಳಿದು ಹೋದರು. ಸಂಜೆ ಕಿಟಕಿಯ ಬಳಿ ನಿಂತಿದ್ದಾಗ ಅವರು ಎದುರು ಮನೆಯಾಕೆಗೆ ಮೆಲ್ಲಗೆ ಹೇಳುತ್ತಿದ್ದದ್ದು ಕೇಳಿಸಿತು: "ಪಾಪ ಕಣೆ, ಮೇಲ್ಗಡೆಯವ್ಳು. ಕೆಲ್ಸ ಇಲ್ಲ ಅಂತ ಯೋಳ್ಕಳಕೆ ನಾಚ್ಕೆ. ಅದ್ಕೇ ಬೆಳಗ್ಗಿಂದ ಸಂಜೆಗಂಟ ಐತೆ ಅನ್ನಂಗೇ ಆಡ್ತಾಳೆ."

೨. ನಿಲ್ತಾ?

ಮೇಲಿನ ಮನೆಯಲ್ಲಿ ಬಾಡಿಗೆಗೆ ಇರುವವರಿಗೆ ಎಲ್ಲ ಕಡೆಯೂ ಇರುವಂತೆ ನನಗೂ ಒಂದು ಹೊಣೆ ಇದೆ. ಓನರಮ್ಮ ಕೆಳಗೆ ಮೋಟಾರಿನ ಸ್ವಿಚ್ ಹಾಕುತ್ತಾರೆ, ತಾರಸಿಯ ಟ್ಯಾಂಕ್ ತುಂಬುವ ಸದ್ದು ಕೇಳಿದ ಕೂಡಲೇ ನಾನು ಮೇಲಿಂದ "ತುಂಬ್ತು!" ಎಂದು ಕೂಗಬೇಕು.

ಒಂದು ಬೆಳಗ್ಗೆ ನನ್ನ ಚಿಪ್ ಸತಾಯಿಸುತ್ತಿತ್ತು. ಸಿಮ್ಯುಲೇಷನ್ನಿನಲ್ಲಿ ಟ್ಯಾಂಕ್ ತುಂಬಿದರೂ ಮೋಟಾರು ನಿಲ್ಲುತ್ತಿರಲಿಲ್ಲ. ಪರದೆಯ ಮೇಲೆ ಒಂದು ಗೆರೆ ಮೇಲಿದ್ದರೆ ಮೋಟಾರು ಓಡುತ್ತಿದೆ ಎಂದರ್ಥ, ಕೆಳಗಿಳಿದರೆ ನಿಂತಿತು ಎಂದರ್ಥ. ಅದು ಇಳಿಯಲೊಲ್ಲದು. ವಿನ್ಯಾಸ ಬರೆಯುವವರು ಕಳಿಸಿದ್ದ ಹೊಸ ಪ್ರತಿ ತಂದುಕೊಂಡು, ಮತ್ತೆ ಬಿಲ್ಡ್ ಮಾಡಿ, ಅಂದರೆ ಎಲ್ಲ ಫೈಲುಗಳನ್ನೂ ಜೋಡಿಸಿ ಓಡಿಸಿ, ಉಸಿರು ಬಿಗಿಹಿಡಿದು ನೋಡುತ್ತಿದ್ದೆ. ಟ್ಯಾಂಕ್ ತುಂಬಿತು. ಗೆರೆ ಟಪ್ಪನೆ ಕೆಳಗಿಳಿಯಿತು. ನಾನು ಕುರ್ಚಿಯಿಂದ ಎದ್ದು ಚಪ್ಪಾಳೆ ತಟ್ಟಿದೆ. ಹೊರಗೆ ಧೋ ಎಂದು ನೀರು ಸುರಿಯುವ ಸದ್ದೂ ಕೇಳಿಸಿತು. ಮಳೆ ಬಂತು, ಶುಭ ಶಕುನ ಎಂದುಕೊಂಡೆ.

"ಏನವ್ವಾ! ಒಳಗಿದ್ದೀಯಾ ಇಲ್ವಾ?"

ಕೆಳಗೆ ಅಂಗಳದಲ್ಲಿ ಓನರಮ್ಮ ಒಣಹಾಕಿದ್ದ ರಾಗಿಯ ಮೇಲೆ ತಾರಸಿಯಿಂದ ಜಲಪಾತ ಬೀಳುತ್ತಿತ್ತು. ಅವರು ಸೆರಗು ಸಿಕ್ಕಿಸಿಕೊಂಡು ರಾಗಿ ಬಾಚುತ್ತಿದ್ದರು. ನಾನೂ ಓಡಿಹೋಗಿ ಬಾಚತೊಡಗಿದೆ.

"ಅಂತಾ ಘನಂದಾರಿ ಕೆಲ್ಸ ಏನ್ ಮಾಡ್ತಿದ್ದೆ ಮೇಲೆ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಟ್ಯಾಂಕ್ ತುಂಬಿದ ತಕ್ಷಣ ಮೋಟ್ರು ನಿಲ್ಸೋ ಕೆಲ್ಸ ಕಣಮ್ಮ."

ಓನರಮ್ಮ ಮೇಲೆ ಸುರಿಯುತ್ತಿದ್ದ ನೀರನ್ನು ನೋಡಿದರು, ಕೈಯಲ್ಲಿದ್ದ ಒದ್ದೆ ರಾಗಿಯನ್ನು ನೋಡಿದರು, ನನ್ನನ್ನು ನೋಡಿದರು.

"ನಿಲ್ತಾ?"

"ನಿಲ್ತು" ಎಂದೆ.

ಅವತ್ತಿನ ಟಿಪ್ಪಣಿಯಲ್ಲಿ ಮೊದಲ ಸಾಲು: 'ಮೋಟಾರು ನಿಲ್ಲದ ತೊಂದರೆ ಪರಿಹಾರವಾಗಿದೆ.' ಕೆಳಗೆ ಕನ್ನಡದಲ್ಲಿ: 'ಟ್ಯಾಂಕ್ ಉಕ್ಕಿತು. ಓನರಮ್ಮನ ರಾಗಿ ನೆನೆಯಿತು.'

೩. ಇನ್ನೂ ಹುಟ್ಟದ ಫೈಲು

ದಿನಾ ಟ್ರೈನ್ ಹಿಡಿಯುವವರ ಮನೆಯಲ್ಲಿ ಗಡಿಯಾರ ಸರಿಯಾದ ಸಮಯ ತೋರಿಸುತ್ತಿದ್ದರೆ ಅದು ಕೆಟ್ಟಿದೆ ಎಂದೇ ಅರ್ಥ. ನಮ್ಮ ಕಡೆ ಎಲ್ಲರೂ ಹತ್ತು ನಿಮಿಷ ಮುಂದಿಟ್ಟಿರುತ್ತಾರೆ. ಹತ್ತು ನಿಮಿಷ ಮುಂದಿದೆ ಎಂದು ಎಲ್ಲರಿಗೂ ಗೊತ್ತಿರುತ್ತದೆ, ಆದರೂ ಗಡಿಯಾರ ನೋಡಿ ಎದೆ ಧಸಕ್ಕೆನ್ನುತ್ತದೆ, ಓಡುತ್ತೇವೆ, ಟ್ರೈನ್ ಸಿಗುತ್ತದೆ. ನಾನು ಅಡಿಗೆಮನೆಯದ್ದನ್ನೂ ಕೈಗಡಿಯಾರವನ್ನೂ ಮುಂದಿಟ್ಟಿದ್ದೆ. ಸಾಲದ್ದಕ್ಕೆ ಲ್ಯಾಪ್‌ಟಾಪಿನದ್ದನ್ನೂ. ಅದು ತಾನಾಗಿ ಸಮಯ ಸರಿಮಾಡಿಕೊಳ್ಳುವುದನ್ನು ಹಟಹಿಡಿದು ನಿಲ್ಲಿಸಿದ್ದೆ.

ಕಂಪನಿಯ ದೊಡ್ಡ ಕಂಪ್ಯೂಟರಿನಲ್ಲಿ ನಮ್ಮ ಬಿಲ್ಡ್ ನಡೆಸುವ ಸಾಧನ ಒಂದು ಜಿಪುಣ ಪ್ರಾಣಿ. ಹಿಂದಿನ ಸಲದ ನಂತರ ಬದಲಾದ ಫೈಲುಗಳನ್ನಷ್ಟೇ ಮತ್ತೆ ಮುಟ್ಟುತ್ತದೆ, ಉಳಿದದ್ದನ್ನು ಹಳೆಯದೇ ಇರಲಿ ಎಂದು ಬಿಡುತ್ತದೆ. ಬದಲಾಗಿದೆಯೋ ಇಲ್ಲವೋ ಎಂದು ತಿಳಿಯಲು ಅದು ನೋಡುವುದು ಫೈಲಿನ ಮೇಲೆ ಬಿದ್ದಿರುವ ಸಮಯದ ಗುರುತನ್ನು. ನಾನು ಮನೆಯಿಂದ ಫೈಲು ಕಳಿಸತೊಡಗಿದ ಮೇಲೆ ಅದಕ್ಕೆ ಬುದ್ಧಿಭ್ರಮಣೆಯಾಯಿತು. ಏನೂ ಬದಲಾಗದಿದ್ದರೂ ಎಲ್ಲವನ್ನೂ ಮೊದಲಿನಿಂದ ಕಟ್ಟುತ್ತಿತ್ತು, ಮೇಲೆ ದೂರು ಬೇರೆ. ಕೊನೆಗೆ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಹುಡುಗ ಫೋನ್ ಮಾಡಿದ.

"ಮೇಡಂ, ನೀವು ಎಲ್ಲಿಂದ ಕೆಲಸ ಮಾಡ್ತಿದ್ದೀರಿ?"

"ರಾಮನಗರ."

"ಇಂಡಿಯಾದಲ್ಲೇ ಇದ್ದೀರಿ ತಾನೇ? ನಿಮ್ಮ ಫೈಲುಗಳು ಇನ್ನೂ ಹುಟ್ಟೇ ಇಲ್ಲ ಅಂತ ಸಿಸ್ಟಂ ಹೇಳ್ತಿದೆ. ಎಲ್ಲವೂ ಹತ್ತು ನಿಮಿಷ ಮುಂದಿನ ಕಾಲದಿಂದ ಬರ್ತಿವೆ."

ನನಗೆ ಹೊಳೆಯಿತು. "ಗಡಿಯಾರ ನಾನೇ ಮುಂದಿಟ್ಟಿದ್ದೀನಪ್ಪ."

"ಯಾಕೆ ಮೇಡಂ?"

"ಟ್ರೈನ್ ತಪ್ಪಬಾರದು ಅಂತ."

ಅವನು ಬಹಳ ಮೆತ್ತಗೆ ಕೇಳಿದ, "ಯಾವ ಟ್ರೈನ್ ಮೇಡಂ? ಆಫೀಸೇ ಇಲ್ಲವಲ್ಲ."

ಲ್ಯಾಪ್‌ಟಾಪಿನ ಸಮಯ ಸರಿಮಾಡಿದೆ. ಅಡಿಗೆಮನೆಯದ್ದನ್ನು ಮುಟ್ಟಲು ಮನಸ್ಸು ಬರಲಿಲ್ಲ. ಈಗಲೂ ಬೆಳಗ್ಗೆ ಅದನ್ನು ನೋಡಿದರೆ ಎದೆ ಧಸಕ್ಕೆನ್ನುತ್ತದೆ, ಚಪ್ಪಲಿ ಹುಡುಕುತ್ತೇನೆ, ಆಮೇಲೆ ನೆನಪಾಗಿ ಕಾಫಿಗೆ ನೀರಿಡುತ್ತೇನೆ.

೪. ಹಾಜರಿ

ತಂಡ ಇದ್ದ ಕಾಲದಲ್ಲಿ ದಿನಾ ಬೆಳಗ್ಗೆ ಕಂಪ್ಯೂಟರಿನಲ್ಲೇ ಒಂದು ಪುಟ್ಟ ಮೀಟಿಂಗ್ ನಡೆಯುತ್ತಿತ್ತು. ಒಬ್ಬೊಬ್ಬರೂ ಮೂರೇ ಮಾತು ಹೇಳಬೇಕು: ನೆನ್ನೆ ಏನು ಮಾಡಿದೆ, ಇವತ್ತು ಏನು ಮಾಡುತ್ತೇನೆ, ಅಡ್ಡಿ ಏನಿದೆ. ಎಲ್ಲರೂ ಹೋದರು, ಮೀಟಿಂಗ್ ಮಾತ್ರ ಕ್ಯಾಲೆಂಡರಿನಲ್ಲಿ ಉಳಿಯಿತು. ಅಳಿಸುವ ಅಧಿಕಾರ ಇದ್ದವರೂ ಕೆಲಸ ಬಿಟ್ಟಿದ್ದರು. ನಾನು ದಿನಾ ಸೇರುತ್ತಿದ್ದೆ. 'ಇಲ್ಲಿ ನೀವೊಬ್ಬರೇ ಇದ್ದೀರಿ' ಎಂದು ಪರದೆ ಹೇಳುತ್ತಿತ್ತು. ನನಗೂ ಗೊತ್ತು, ಹೇಳುವ ಅಗತ್ಯ ಇರಲಿಲ್ಲ. ಆದರೂ ಮೂರು ಮಾತನ್ನು ಗಟ್ಟಿಯಾಗಿ ಹೇಳಿ ಮುಗಿಸುತ್ತಿದ್ದೆ. ಬಳಸದಿದ್ದರೆ ಗಂಟಲೂ ತುಕ್ಕು ಹಿಡಿಯುತ್ತದೆ.

ಒಂದು ದಿನ ಓನರಮ್ಮ ಸಾರಿನ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಯಾರ್ ಕುಟೆ ಮಾತಾಡ್ತಿದ್ದೀಯ?"

"ಮೀಟಿಂಗ್ ಕಣಮ್ಮ."

ಬಂದು ಪರದೆ ನೋಡಿದರು. ಅಲ್ಲಿ ಇದ್ದದ್ದು ನನ್ನ ಮುಖ ಒಂದೇ. "ಇಲ್ಲಿ ನೀನೇ ಇದ್ದೀಯಲ್ಲ. ನಿನ್ ಕುಟೆ ನೀನೇನಾ?"

ನಾಚಿಕೆಯಾಯಿತು. ಪದ್ಧತಿ ಹೀಗೆ, ಮೂರು ಮಾತು ಹೇಳಬೇಕು ಎಂದು ಗೊಣಗಿದೆ. ಓನರಮ್ಮ ಡಬ್ಬಿಯನ್ನು ಮೇಜಿನ ಮೇಲಿಟ್ಟು, ಮಂಚದ ಅಂಚಿನಲ್ಲಿ ಕೂತು, ಸೆರಗು ಸರಿಮಾಡಿಕೊಂಡರು.

"ಅಂಗಾರೆ ನಂದೂ ಯೋಳ್ಬುಡ್ತೀನಿ. ನೆನ್ನೆ ಅವರೆಕಾಯಿ ಸುಲ್ದೆ. ಇವತ್ತು ಕಾಳು ಇಸುಕ್ತೀನಿ. ಅಡ್ಡಿ ಅಂದ್ರೆ ಎಬ್ಬೆಟ್ಟು ನೋಯ್ತಾ ಐತೆ. ನೀನೂ ಬಂದು ಒಸಿ ಇಸುಕ್ಬುಟ್ರೆ ಬಿರ್ನೆ ಆಯ್ತದೆ."

ಇಷ್ಟು ವರ್ಷದ ಮೀಟಿಂಗುಗಳಲ್ಲಿ ಇಷ್ಟು ಸ್ಪಷ್ಟವಾಗಿ ಅಡ್ಡಿ ಹೇಳಿದವರನ್ನು ನಾನು ಕಂಡಿರಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿ ಅವರ ಹಿಂದೆಯೇ ಇಳಿದೆ. ಅವತ್ತಿನ ಟಿಪ್ಪಣಿ: 'ಓನರಮ್ಮನಿಗೆ ಹೆಬ್ಬೆರಳು ನೋವು. ಇವತ್ತಿನ ಮೀಟಿಂಗಿಗೆ ಇಬ್ಬರು ಹಾಜರು.'

ಅದರ ಮುಂದಿನ ವಾರವೇ ಅವರು ಮಗಳ ಬಾಣಂತನಕ್ಕೆಂದು ಮಾಗಡಿಗೆ ಹೋದರು. ಅವರ ಯಜಮಾನರು ಬೆಳಗಾಗುತ್ತಲೇ ರೇಷ್ಮೆಗೂಡಿನ ಮಾರ್ಕೆಟ್ಟಿಗೆ ಹೋಗುವವರು, ಇದ್ದಾಗಲೂ ಮಾತು ಕಡಿಮೆ. ಮನೆ ನಿಶ್ಶಬ್ದವಾಯಿತು. ಟಿಪ್ಪಣಿಗಳ ಕೆಳಗಿನ ಸಾಲು ದಿನಾ ಒಂದೇ ಆಗತೊಡಗಿತು: 'ಇವತ್ತೂ ಯಾರೂ ಮಾತಾಡಿಸಲಿಲ್ಲ.'

೫. ಒಳ್ಳೆಯ ಕೆಲಸ!

ನಮ್ಮ ವ್ಯವಸ್ಥೆಯಲ್ಲಿ ಇನ್ನೊಂದು ನಿಯಮ: ಯಾರು ಏನು ಬದಲಿಸಿದರೂ ಎರಡನೆಯವರು ಓದಿ 'ಒಪ್ಪಿದೆ' ಎಂದು ಒತ್ತಬೇಕು. ಆಗಲೇ ಅದು ಮುಖ್ಯ ಪ್ರತಿಯೊಳಗೆ ಸೇರುವುದು. ತಂಡ ಕರಗಿದ ಮೇಲೆ ನನ್ನ ಎರಡನೆಯವರಾಗಿ ಹೈದರಾಬಾದಿನ ಒಬ್ಬ ಸಹೋದ್ಯೋಗಿಯ ಹೆಸರು ಹಾಕಿದರು. ಮುಖ ನೋಡಿರಲಿಲ್ಲ, ದನಿ ಕೇಳಿರಲಿಲ್ಲ. ಆದರೆ ಎಂಥ ಮನುಷ್ಯ! ನಾನು ಕಳಿಸಿದ ಮರುಕ್ಷಣವೇ ಉತ್ತರ: 'ಒಪ್ಪಿದೆ. ಒಳ್ಳೆಯ ಕೆಲಸ!'

ಹೊಗಳಿಕೆ ಯಾರಿಗೆ ಬೇಡ? ನನಗಂತೂ ಬೆಳಗಿನ ಕಾಫಿಯಷ್ಟೇ ಅದೂ ಬೇಕಾಯಿತು. ಒಂದೇ ಸಲಕ್ಕೆ ಕಳಿಸಬಹುದಾದ ಬದಲಾವಣೆಯನ್ನು ಚೂರು ಚೂರು ಮಾಡಿ ಕಳಿಸುತ್ತಿದ್ದೆ, ಹೆಚ್ಚು ಸಲ ಉತ್ತರ ಬರಲಿ ಎಂದು. ಸಂಕ್ರಾಂತಿಗೆ ಟಿಪ್ಪಣಿಯಲ್ಲೇ ಎಳ್ಳು ಬೆಲ್ಲದ ಶುಭಾಶಯ ಸೇರಿಸಿದೆ. 'ಒಪ್ಪಿದೆ. ಒಳ್ಳೆಯ ಕೆಲಸ!' ಒಮ್ಮೆ ಜ್ವರ ಬಂದಾಗ ಇಂಗ್ಲಿಷಿನಲ್ಲೇ 'ಮೈ ಸುಡುತ್ತಿದೆ, ಆದರೂ ಮುಗಿಸಿದ್ದೇನೆ' ಎಂದು ಬರೆದೆ. 'ಒಪ್ಪಿದೆ. ಒಳ್ಳೆಯ ಕೆಲಸ!' ಆಗ ಸ್ವಲ್ಪ ಅನುಮಾನ ಬಂತು. ಜ್ವರ ಬಂದದ್ದು ಒಳ್ಳೆಯ ಕೆಲಸವೇ?

ಪರೀಕ್ಷೆ ಮಾಡುವುದೇ ನನ್ನ ಕಸುಬಲ್ಲವೇ. ಟ್ಯಾಂಕ್ ತುಂಬಿದಷ್ಟೂ ಮೋಟಾರು ಇನ್ನೂ ಜೋರಾಗಿ ಓಡುವಂತೆ ಬೇಕೆಂದೇ ತಪ್ಪು ಮಾಡಿ ಕಳಿಸಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ 'ಒಪ್ಪಿದೆ. ಒಳ್ಳೆಯ ಕೆಲಸ!' ಗಾಬರಿಯಿಂದ ಅದನ್ನು ಹಿಂದಕ್ಕೆ ತೆಗೆದೆ. ಹಿಂದಕ್ಕೆ ತೆಗೆದದ್ದಕ್ಕೂ 'ಒಪ್ಪಿದೆ. ಒಳ್ಳೆಯ ಕೆಲಸ!'

ಮ್ಯಾನೇಜರಿಗೆ ಫೋನ್ ಮಾಡಿದೆ. ಅವರಾಡುವುದು ಇಂಗ್ಲಿಷ್, ನನಗೆ ನೆನಪಿರುವುದು ಕನ್ನಡದಲ್ಲಿ.

"ಅವರಾ? ಅವರು ಕೆಲಸ ಬಿಟ್ಟು ಬಹಳ ಕಾಲವಾಯಿತಲ್ಲ. ಹೋಗುವ ಮೊದಲು ತಮ್ಮ ಹೆಸರಿನಲ್ಲಿ ತಾನಾಗಿಯೇ ಒಪ್ಪುವ ಒಂದು ಪುಟ್ಟ ಪ್ರೋಗ್ರಾಂ, ಒಂದು ಸ್ಕ್ರಿಪ್ಟ್ ಬರೆದಿಟ್ಟು ಹೋಗಿದ್ದಾರೆ. ತುಂಬಾ ಅನುಕೂಲವಾಗಿದೆ, ಹಾಗೇ ಬಿಟ್ಟಿದ್ದೇವೆ. ನಿಮಗೆ ಯಾರೂ ಹೇಳಲಿಲ್ಲವೇ?"

ಹೇಳುವುದಕ್ಕೆ ಯಾರಿದ್ದರು? ಫೋನ್ ಇಟ್ಟ ಮೇಲೆ ಅಳು ಬಂತು. ನನ್ನ ಜ್ವರದ ವಿಷಯ ಯಾರೋ ಒಬ್ಬರಿಗೆ ಗೊತ್ತಿದೆ ಎಂದುಕೊಂಡು ಅಷ್ಟು ದಿನ ಸಮಾಧಾನವಾಗಿದ್ದೆನಲ್ಲ ಎಂದು ಅತ್ತೆ. ಸ್ವಲ್ಪ ಹೊತ್ತಿಗೆ ಮ್ಯಾನೇಜರಿಂದ ಇನ್ನೊಂದು ಸಂದೇಶ ಬಂತು: 'ಅಂದ ಹಾಗೆ, ಅವರು ತಮ್ಮ ರಾಜೀನಾಮೆಯನ್ನೂ ಕೈತಪ್ಪಿನಿಂದ ಅದೇ ವ್ಯವಸ್ಥೆಯೊಳಗೆ ಹಾಕಿಬಿಟ್ಟಿದ್ದರು. ನಾನು ನೋಡುವ ಮೊದಲೇ ಒಪ್ಪಿಗೆಯಾಗಿತ್ತು. ಒಳ್ಳೆಯ ಕೆಲಸ ಎಂದೂ ಬರೆದಿತ್ತು.'

೬. ತೀವ್ರತೆ: ಹೆಚ್ಚು

ನಮ್ಮ ಚಿಪ್ ಬೇಕಾಗಿರುವುದು ಬಿಡದಿಯ ಒಂದು ಪಂಪ್ ಕಂಪನಿಗೆ. ಅಲ್ಲಿ ನಮ್ಮ ಕೆಲಸವನ್ನು ಪರಿಶೀಲಿಸುವವರು ಒಬ್ಬ ಮೇಡಂ. ಮೇಲ್‌ಗಳಲ್ಲಿ ಅವರ ಹೆಸರಿನ ಮೊದಲಕ್ಷರಗಳಷ್ಟೇ ಇರುತ್ತವೆ, ಅವು ಕಂಡರೆ ಸಾಕು ನಮ್ಮ ಮ್ಯಾನೇಜರ್ ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಾರೆ. ಪ್ರತಿ ತಿಂಗಳೂ ನಾನು ಒಂದು ಆಜ್ಞೆ ಕೊಟ್ಟರೆ ಬಿಲ್ಡ್ ಸಾಧನ ಎಲ್ಲವನ್ನೂ ಕಟ್ಟಿ, ಎಲ್ಲ ಪರೀಕ್ಷೆಗಳನ್ನೂ ಓಡಿಸಿ, ನನ್ನ ಟಿಪ್ಪಣಿಗಳ ಮೊದಲ ಸಾಲುಗಳನ್ನು ಆರಿಸಿ, 'ಏನೇನು ಬದಲಾಗಿದೆ' ಎಂದು ಪಟ್ಟಿ ಮಾಡಿ ಅವರಿಗೆ ಮೇಲ್ ಕಳಿಸುತ್ತದೆ.

ಮೇಡಂ ಒಮ್ಮೆ ಆಕ್ಷೇಪ ತೆಗೆದರು: ಬದಲಾವಣೆಗಳ ವಿವರ ಸಾಲದು. ಮ್ಯಾನೇಜರ್ ನನಗೆ ಹೇಳಿದರು, ಇನ್ನು ಮುಂದೆ ಟಿಪ್ಪಣಿ ಪೂರ್ತಿ ಹೋಗಲಿ, ಈವರೆಗಿನದ್ದೆಲ್ಲವೂ ಹೋಗಲಿ. ನಾನು ಸ್ಕ್ರಿಪ್ಟಿನಲ್ಲಿ 'ಮೊದಲ ಸಾಲು' ಎಂದಿದ್ದದ್ದನ್ನು 'ಪೂರ್ತಿ' ಎಂದು ಬದಲಿಸಿದೆ. ಆಜ್ಞೆ ಕೊಟ್ಟೆ. ಎಲ್ಲ ಪಾಸ್, ಮೇಲ್ ಹೋಯಿತು ಎಂದು ಬಂತು. ಕಾಫಿ ಮಾಡಲು ಎದ್ದೆ.

ಹಾಲು ಉಕ್ಕುವ ಹೊತ್ತಿಗೆ ನೆನಪಾಯಿತು, ಪೂರ್ತಿ ಎಂದರೆ ಏನು ಎಂದು.

ಹಾಲು ಉಕ್ಕಿದ್ದು ಗೊತ್ತಾಗಲಿಲ್ಲ. ವರ್ಷನ್ ಕಂಟ್ರೋಲಿನಲ್ಲಿ ಎಂಥ ತಪ್ಪನ್ನೂ ಹಿಂದಕ್ಕೆ ತೆಗೆಯಬಹುದು. ಹೋದ ಮೇಲ್ ಮಾತ್ರ ಆಡಿದ ಮಾತಿನ ಹಾಗೆ. ರಾಗಿ ನೆನೆದದ್ದು, ಹೆಬ್ಬೆರಳು, ಎಳ್ಳು ಬೆಲ್ಲ, ಜ್ವರ, ಯಾರೂ ಮಾತಾಡಿಸದ ದಿನಗಳು, ಎಲ್ಲವೂ ಬಿಡದಿಗೆ ಹೋಗಿ ತಲುಪಿದ್ದವು. ಯಾರಾದರೂ ಒಬ್ಬರು ಓದಲಿ ಎಂದು ಅಷ್ಟು ಕಾಲ ಆಸೆಪಟ್ಟವಳು ಈಗ ಯಾರೂ ಓದದಿರಲಿ ಎಂದು ಕಂಡ ದೇವರಿಗೆಲ್ಲ ಕೈಮುಗಿದೆ. ಕೆಲಸ ಹೋಗುತ್ತದೆ ಎಂಬ ಭಯ ಒಂದು ಕಡೆ. ಅದಕ್ಕಿಂತ ದೊಡ್ಡದು, ಅವರೆಲ್ಲ ಸುತ್ತ ನಿಂತು ಓದಿ ನಗುತ್ತಾರೆ ಎಂಬ ನಾಚಿಕೆ.

ಉತ್ತರ ಬರಲು ಎರಡು ದಿನ ಹಿಡಿಯಿತು. ಗ್ರಾಹಕರು ಕಂಡುಹಿಡಿದ ದೋಷಗಳನ್ನು ಬರೆಯಲು ನಮ್ಮಿಬ್ಬರ ಕಂಪನಿಗಳ ನಡುವೆ ಒಂದು ಪುಟ ಇದೆ. ಅದರಲ್ಲಿ ಮೇಡಂ ಸಾಲಾಗಿ ಬರೆದಿದ್ದರು. ಮೊದಲಿನವು ಚಿಪ್‌ನ ವಿಷಯ. ಆಮೇಲಿನವು ಕನ್ನಡದಲ್ಲಿದ್ದವು.

'"ಟ್ಯಾಂಕ್ ಉಕ್ಕಿತು" ಎಂದಿದೆ. ಇದು ಯಾವ ಪರೀಕ್ಷೆಯಲ್ಲಿ? ನಮ್ಮ ಅಗತ್ಯಗಳಲ್ಲಿ ರಾಗಿಯ ಪ್ರಸ್ತಾಪ ಇಲ್ಲ. ಸ್ಪಷ್ಟಪಡಿಸಿ.'

'"ಓನರಮ್ಮನಿಗೆ ಹೆಬ್ಬೆರಳು ನೋವು" ಎಂಬುದು ನಂತರದ ಬದಲಾವಣೆಗಳಲ್ಲಿ ಎಲ್ಲೂ ಪರಿಹಾರವಾದಂತೆ ಕಾಣುವುದಿಲ್ಲ. ಈಗ ಹೇಗಿದೆ?'

ಕೊನೆಯದು ಹೀಗಿತ್ತು:

'"ಇವತ್ತೂ ಯಾರೂ ಮಾತಾಡಿಸಲಿಲ್ಲ." ಈ ದೋಷ ಪದೇ ಪದೇ ಕಾಣಿಸುತ್ತಿದೆ. ತೀವ್ರತೆ: ಹೆಚ್ಚು. ಸೂಚಿಸುವ ಪರಿಹಾರ: ಭಾನುವಾರ ಬೆಳಗ್ಗೆ ಎಂಟಕ್ಕೆ, ಬಿಡದಿ ಸ್ಟೇಷನ್ ಹೊರಗೆ, ತಟ್ಟೆ ಇಡ್ಲಿ.'

ನಾನು ಅದನ್ನು ಓದಿ ಮುಗಿಸುವ ಮೊದಲೇ ಮ್ಯಾನೇಜರ್ ಫೋನ್. 'ತೀವ್ರತೆ: ಹೆಚ್ಚು' ಎಂಬ ಕಡೆ ಕೆಂಪು ಗುರುತು ಬೀಳುತ್ತದೆ; ಅದಕ್ಕೆ ಭಾಷೆ ಬೇಕಿಲ್ಲ.

"ಏನಿದು? ಮೊದಲ ವಾಕ್ಯವನ್ನು ಅನುವಾದಕ್ಕೆ ಹಾಕಿ ನೋಡಿದೆ. 'ಇಂದು ಸಹ ಯಾವುದೇ ಸಂಪರ್ಕ ನಡೆಯಲಿಲ್ಲ' ಎಂದು ಬಂತು. ಯಾವ ಎರಡು ಭಾಗಗಳ ನಡುವೆ?"

"ನೋಡ್ತಿದ್ದೀನಿ ಸರ್."

"ಯಾವಾಗ ಸರಿಹೋಗುತ್ತದೆ?"

"ಭಾನುವಾರ ಸರ್."

"ಭಾನುವಾರವೂ ಕೆಲಸ ಮಾಡುತ್ತೀರಾ?" ಅವರ ದನಿ ಗದ್ಗದವಾಯಿತು. "ನಿಮ್ಮಂಥವರಿಂದಲೇ ಈ ಕಂಪನಿ ನಿಂತಿರುವುದು."

ಭಾನುವಾರ ಬೆಳಗ್ಗೆ ಅಡಿಗೆಮನೆಯ ಗಡಿಯಾರ ನೋಡಿ ಎದೆ ಧಸಕ್ಕೆಂದಿತು. ಓಡಿದೆ. ಎಷ್ಟೋ ಕಾಲದ ಮೇಲೆ ಆ ಓಟಕ್ಕೆ ಒಂದು ಟ್ರೈನ್ ಇತ್ತು. ಬಿಡದಿಯಲ್ಲಿ ಇಳಿದು ಹೊರಗೆ ಬಂದಾಗ ಗುರುತು ಹಿಡಿಯುವುದು ಹೇಗೆ ಎಂದು ಚಿಂತೆಯಾಯಿತು. ಮುಖ ನೋಡಿದವರಲ್ಲ. ಜನರ ನಡುವೆ ಒಬ್ಬರು, ಕನ್ನಡಕ, ಕಾಟನ್ ಸೀರೆ, ತಲೆ ಪೂರ್ತಿ ನೆರೆತಿದೆ, ಮುಖಗಳನ್ನು ಹುಡುಕುತ್ತಾ ನಿಂತಿದ್ದ ನನ್ನ ಕಡೆಗೇ ಸೀದಾ ನಡೆದು ಬಂದರು. ನಮಸ್ಕಾರ ಇಲ್ಲ, ಹೆಸರು ಇಲ್ಲ.

"ರಾಗಿ ಒಣಗ್ತಾ?" ಎಂದರು.

ಓದಿದ್ದಾರೆ. ಕೆಳಗಿನ ಸಾಲನ್ನು ಒಬ್ಬರು ಓದಿದ್ದಾರೆ. "ಒಣಗ್ತು ಮೇಡಂ" ಎನ್ನುವಷ್ಟರಲ್ಲಿ ಕಣ್ಣಲ್ಲಿ ನೀರು.

"ಅಳ್ಬ್ಯಾಡಿ ಕಣ್ರೀ. ಮೊದ್ಲು ಇಡ್ಲಿ ತಿನ್ನುವ, ಬನ್ನಿ. ಆರೋಯ್ತವೆ."

ತಟ್ಟೆಯಗಲದ ಇಡ್ಲಿ, ಮೇಲೆ ಬೆಣ್ಣೆ. ನಾನು ಬಾಯಿ ಬಿಟ್ಟವಳು ಮುಚ್ಚಲಿಲ್ಲ. ಹೈದರಾಬಾದಿನ ಸ್ಕ್ರಿಪ್ಟಿನ ಕಥೆ ಕೇಳಿ ಅವರು ಚಟ್ನಿ ನೆತ್ತಿಗೇರಿ ಕೆಮ್ಮಿದರು. ಬೀಳ್ಕೊಡುವಾಗ ಓನರಮ್ಮನ ಹೆಬ್ಬೆರಳಿಗೆಂದು ಒಂದು ಎಣ್ಣೆ ಶೀಶೆ ಕೊಟ್ಟರು. ವಾಪಸು ಟ್ರೈನಿನಲ್ಲಿ ಕೂತ ಮೇಲೆ ಹೊಳೆಯಿತು, ಅವರ ವಿಷಯ ನಾನು ಒಂದನ್ನೂ ಕೇಳಲಿಲ್ಲ. ಅವರ ಮನೆ ಎಲ್ಲಿ, ಮನೆಯಲ್ಲಿ ಯಾರಿದ್ದಾರೆ, ಏನೂ ಇಲ್ಲ. ಮಾತಾಡುವ ಸರದಿ ಸಿಕ್ಕ ಸಂಭ್ರಮದಲ್ಲಿ ಕೇಳುವುದೇ ಮರೆತುಹೋಗಿತ್ತು.

ಸೋಮವಾರ ಆ ಪುಟದಲ್ಲಿ ಬರೆದೆ: 'ದೋಷ ಸರಿಪಡಿಸಲಾಗಿದೆ. ಪರೀಕ್ಷೆ ಪಾಸ್.' ಮ್ಯಾನೇಜರ್ ಎಲ್ಲರಿಗೂ, ಅಂದರೆ ನನಗೆ, ಅಭಿನಂದನೆಯ ಮೇಲ್ ಕಳಿಸಿದರು.

ಗುರುವಾರ ಕೆಂಪು ಗುರುತು ಮತ್ತೆ ಬಿತ್ತು. ದೋಷವನ್ನು ಗ್ರಾಹಕರು ಮತ್ತೆ ತೆರೆದಿದ್ದರು. ಮ್ಯಾನೇಜರ್ ಏದುಸಿರು ಬಿಡುತ್ತಾ ಫೋನ್ ಮಾಡಿದರು.

"ಸರಿಯಾಗಿದೆ ಎಂದಿರಲ್ಲ! ಮತ್ತೆ ಬಂದಿದೆಯಲ್ಲ!"

ನಾನು ಕಾರಣದ ಸಾಲನ್ನು ಓದುತ್ತಿದ್ದೆ. ಕನ್ನಡದಲ್ಲಿತ್ತು: 'ಇದೇ ದೋಷ ಗ್ರಾಹಕರ ಕಡೆಯೂ ಇದೆ. ಚನ್ನಪಟ್ಟಣದ ಮನೆಯಲ್ಲಿ. ಮೊದಲಿನಿಂದಲೂ ಇತ್ತು, ವರದಿ ಮಾಡಿರಲಿಲ್ಲ. ಭಾನುವಾರ ಎಂಟಕ್ಕೆ?'

"ಕೇಳಿಸುತ್ತಿದೆಯಾ? ಒಂದೇ ಸಲಕ್ಕೆ ಸರಿಹೋಗುವುದಿಲ್ಲವೇ ಇದು?"

"ಇಲ್ಲ ಸರ್" ಎಂದೆ. "ವಾರಕ್ಕೊಮ್ಮೆ ನೋಡ್ಕೋಬೇಕು."

"ಎಷ್ಟು ವಾರ?"

"ಹೇಳಕ್ಕಾಗಲ್ಲ ಸರ್."

ಅವರು ನಿಟ್ಟುಸಿರು ಬಿಟ್ಟು, ಹಾಗಾದರೆ ಕ್ಯಾಲೆಂಡರಿನಲ್ಲೇ ಹಾಕಿಬಿಡುತ್ತೇನೆ ಎಂದರು. ಹಾಕಿಯೂ ಹಾಕಿದರು: ಪ್ರತಿ ಭಾನುವಾರ, ಬೆಳಗ್ಗೆ ಎಂಟು, ಸಂಪರ್ಕ ದೋಷದ ಮೀಟಿಂಗ್, ಹಾಜರಾಗಬೇಕಾದವರು ಇಬ್ಬರು. ಕೆಳಗೆ ನನ್ನ ಒಪ್ಪಿಗೆ ಕೇಳುತ್ತಿತ್ತು.

'ಒಪ್ಪಿದೆ' ಎಂದು ಒತ್ತಿದೆ. ಒಂದು ಕ್ಷಣವೂ ಹಿಡಿಯಲಿಲ್ಲ. ಆದರೆ ನಾನು ಓದಿಯೇ ಒತ್ತಿದ್ದು.